ಭಾವ ನೋಡದೇ ಬಿಟ್ಟ ಮುಖ

ಕೂಡಿ ಬೆಂದರೆ ಸ್ವರ್ಗಸುಖ. ಗಾದೆ ಹೀಗಲ್ಲವಲ್ಲ ಎಂದು ಮೂಗು ಮುರಿಯುವವರು ನಮ್ಮ ಕಾರ್ಖಾನೆಯ ಪುಡಿಕೋಣೆಯಲ್ಲಿ ಒಂದು ವಾರ ಕೆಲಸ ಮಾಡಿ ಬರಲಿ. ಅಲ್ಲಿ ಬಾಳುವುದು ಆಮೇಲಿನ ಮಾತು, ಮೊದಲು ಬೇಯಬೇಕು. ಈಗ ಹೇಳಲಿರುವುದು ಅಲ್ಲೇ ನಡೆದದ್ದು, ನನ್ನ ಕಣ್ಣೆದುರೇ ನಡೆದದ್ದು, ಒಂದಕ್ಷರ ಸುಳ್ಳಿಲ್ಲ. ಉಪ್ಪುಖಾರ ಸ್ವಲ್ಪ ಹೆಚ್ಚೆನಿಸಿದರೆ ಅದು ನನ್ನ ಬಾಯಿಯ ರುಚಿ, ಕಥೆಯ ತಪ್ಪಲ್ಲ.

ಪುಡಿಕೋಣೆಯ ಕೆಲಸ ಇಷ್ಟೇ. ಅಲ್ಯೂಮಿನಿಯಂ ಹಗುರ, ಆದರೆ ಮೆದು. ಅದನ್ನು ಗಟ್ಟಿ ಮಾಡಲು ಸಾಣೆಕಲ್ಲಿನ ಜಾತಿಯ ಒಂದು ಕರಿ ಪುಡಿಯನ್ನು, ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ಕನ್ನು, ಬೆರೆಸಬೇಕು. ಕರಗಿಸಿ ಬೆರೆಸಲು ಹೋದರೆ ಕರಿ ಪುಡಿ ತಳಕ್ಕಿಳಿದು ಕೂರುತ್ತದೆ. ಆದ್ದರಿಂದ ಅಲ್ಯೂಮಿನಿಯಮ್ಮನ್ನೂ ಪುಡಿಯಾಗಿಯೇ ತಂದು, ಎರಡನ್ನೂ ಉಕ್ಕಿನ ಗುಂಡುಗಳಿರುವ ಪೀಪಾಯಿಗೆ ಹಾಕಿ ತಿರುಗಿಸಿ, ಅಚ್ಚಿನಲ್ಲಿ ಒತ್ತಿ, ಗಾಳಿ ಸೋಕದ ಕುಲುಮೆಯಲ್ಲಿ ಬೇಯಿಸುತ್ತೇವೆ. ಕರಗಬಾರದು, ಆದರೆ ಕಣ ಕಣ ಅಂಟಿಕೊಳ್ಳಬೇಕು. ಹೇಳುವುದು ಸುಲಭ. ಅಲ್ಯೂಮಿನಿಯಮ್ಮಿನ ಒಂದೊಂದು ಕಣವೂ ಮೈಮೇಲೆ ತುಕ್ಕಿನ ತೆಳು ಅಂಗಿ ತೊಟ್ಟುಕೊಂಡು "ನನ್ನ ಮುಟ್ಟಬೇಡ" ಎನ್ನುತ್ತದೆ. ಕರಿ ಪುಡಿಯೋ, ಮದುವೆಮನೆಯಲ್ಲಿ ಗಂಡಿನ ಕಡೆಯವರಂತೆ, ತನ್ನವರನ್ನೇ ಸೇರಿಸಿಕೊಂಡು ಒಂದು ಮೂಲೆ ಹಿಡಿಯುತ್ತದೆ. ಹಾಗೆ ಗುಂಪು ಕೂತ ಕಡೆ ಲೋಹ ನುಗ್ಗುವುದಿಲ್ಲ, ಒಳಗೆ ಟೊಳ್ಳು. ಎಳೆದಾಗ ಬಿರುಕು ಹೊರಡುವುದು ಅಲ್ಲಿಂದಲೇ.

ಈ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಭಾವ. ಯಾರಿಗೆ ಭಾವ? ನಮ್ಮ ಸಾಹೇಬರಿಗೆ. ಸಾಹೇಬರ ಅಕ್ಕನ ಗಂಡ. ಸಾಹೇಬರು ಭಾವ ಎನ್ನುತ್ತಿದ್ದರೆಂದು ಎಲ್ಲರೂ ಭಾವ ಎಂದರು, ಗೇಟಿನ ಕಾವಲುಗಾರನೂ ಭಾವ ಎಂದ. ಇಷ್ಟು ಜನಕ್ಕೆ ಭಾವನಾದರೂ ಅವರಿಗಿದ್ದದ್ದು ಪ್ರಭಾವದ ಅಭಾವ. ಸಾಹೇಬರ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಅಡುಗೆಮನೆ ಕೆಳಗೆ, ಎಲ್ಲರಿಗೂ ಒಂದೇ. ಊಟಕ್ಕೆ ಮೆಟ್ಟಿಲಿಳಿಯುವಾಗೆಲ್ಲ ಭಾವ ಕೆಮ್ಮಿಕೊಂಡೇ ಇಳಿಯುತ್ತಿದ್ದರಂತೆ, ಪರರ ಮನೆಗೆ ಬಂದವರ ಹಾಗೆ.

ಭಾವನಿಗೆ ಒಂದು ಅಭ್ಯಾಸವಿತ್ತು. ಕತ್ತಿನಲ್ಲಿ ದಾರ ಕಟ್ಟಿದ ಭೂತಗನ್ನಡಿ. ಬೆಂದ ಲೋಹದಿಂದ ಮಾಡಿದ ಸಣ್ಣ ಸಲಾಕೆಯನ್ನು ಎಳೆಯುವ ಯಂತ್ರಕ್ಕೆ ಕಟ್ಟುತ್ತೇವೆ. ಯಂತ್ರ ಎರಡೂ ತುದಿ ಹಿಡಿದು ಮುರಿಯುವ ತನಕ ಎಳೆಯುತ್ತದೆ. ಎಷ್ಟು ಭಾರಕ್ಕೆ ಮುರಿಯಿತೆಂದು ಮುಳ್ಳು ತೋರಿಸುತ್ತದೆ. ಉಳಿದವರೆಲ್ಲ ಮುಳ್ಳು ನೋಡಿದರೆ, ಭಾವ ಮುರಿದ ತುಂಡನ್ನು ಎತ್ತಿ, ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅದನ್ನು ಅವರು ಮುಖ ಎನ್ನುತ್ತಿದ್ದರು.

"ಮುಳ್ಳು ಆಮೇಲೆ ನೋಡ್ರಪ್ಪ, ಮೊದಲು ಮುಖ ನೋಡಿ. ಇಲ್ಲಿ ಕರೀದು ಗುಂಪು ಕೂತಿದೆ, ಕಾಣ್ತಾ? ಇಲ್ಲಿ ಅಂಗಿ ಬಿಚ್ಚಿಲ್ಲ. ಥೂ, ಈ ಮೂಲೇಲಿ ಬೆಂದೇ ಇಲ್ಲ."

ಹೀಗೆ ಹೇಳಿ ತುಂಡನ್ನು ಕಸದ ಡಬ್ಬಕ್ಕೆ ಎಸೆಯುತ್ತಿದ್ದರು. ಮುಖ ನೋಡಿ ಮಣೆ ಹಾಕುವವರನ್ನು ಎಲ್ಲೆಡೆ ಕಂಡಿದ್ದೇನೆ. ಮುಖ ನೋಡಿ ಮಣ್ಣು ಹಾಕುವವರನ್ನು ಕಂಡದ್ದು ಇಲ್ಲೇ.

ಎಳೆಯುವ ಯಂತ್ರದವನಿಗೆ ನಾವಿಟ್ಟ ಹೆಸರು ಯಮ. ಅವನ ಕೈಗೆ ಹೋದದ್ದು ಇಡಿಯಾಗಿ ವಾಪಸು ಬಂದ ಉದಾಹರಣೆಯಿಲ್ಲ. ಎಳೆಯುವುದು ಅವನ ಕೆಲಸ, ಕಾಲೆಳೆಯುವುದು ಅವನ ಕಲೆ. ಭಾವನ ಕೆಮ್ಮು, ಸಾಹೇಬರ ಮಾತು, ಪೀಪಾಯಿಯೊಳಗೆ ಗುಂಡು ಉರುಳುವ ಗಡಗಡ, ಎಲ್ಲವೂ ಅವನ ಗಂಟಲಲ್ಲಿದ್ದವು. ಕುಲುಮೆಯ ಉಸ್ತುವಾರಿ ಒಲೆಯಕ್ಕನದು. ಅವಳಿಗೆ ಯಮನೆಂದರೆ ಪ್ರೀತಿ, ಆದ್ದರಿಂದಲೇ ದಿನಕ್ಕೆರಡು ಸಲ ಬೈಗುಳ. ನಾನು ಅಳತೆಯ ಮೇಜಿನವನು, ಮೂವರಿಗೂ ಪಕ್ಕದವನು.

ಒಂದು ದಿನ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಪುಡಿಕೋಣೆಗೆ ಬಂದರು.

"ಅಂದ್ರೆ, ನಾನು ಹೇಳೋದೇನಂದ್ರೆ ಭಾವ, ಮಗ್ಗದ ಯಂತ್ರ ಮಾಡೋರು ಕೇಳ್ತಿದಾರೆ. ಮಗ್ಗದ ಆ ತೋಳಿದೆಯಲ್ಲ, ಹಿಂದೆ ಮುಂದೆ ಹೊಡ್ಕೊಳ್ಳೋದು, ಅದು ಹಗುರಾನೂ ಇರಬೇಕು, ಗಟ್ಟೀನೂ ಇರಬೇಕು. ನಿಮ್ದು ಹಗುರ ಇದೆ. ಗಟ್ಟಿ ಎಲ್ಲಿ?"

"ಕರೀದು ಚೆದುರ್ತಾ ಇಲ್ಲ ಸಾಹೇಬ್ರೆ. ಈ ಸಲ ಜರಡಿ ಬದಲಾಯಿಸಿದೀನಿ. ಅಲ್ಯೂಮಿನಿಯಂ ಕಣಾನೂ ಸಣ್ಣದು ತರಿಸಿದೀನಿ."

"ಈ ಸಲ, ಈ ಸಲ. ಎಷ್ಟು ಸಲ ಭಾವ? ಇದೇ ಕೊನೇದು. ಇದು ನಿಂತ್ರೆ ಕೋಣೆ ನಿಮ್ದು, ಬಾಗಿಲ ಮೇಲೆ ಬೋರ್ಡೂ ನಿಮ್ದು. ಇದೂ ಪಟ್ ಅಂತು ಅನ್ನಿ, ಕೋಣೆ ಪ್ಯಾಕಿಂಗ್‌ನವರಿಗೆ. ನೀವೂ ಅವರ ಜೊತೆಗೆ. ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸೋಕೆ ಭೂತಗನ್ನಡಿ ಬೇಡ." ಸ್ವಲ್ಪ ಬಗ್ಗಿ ಸೇರಿಸಿದರು: "ಅಕ್ಕನಿಗೂ ಹೇಳಿದೀನಿ."

ಆ ಕೊನೆಯ ಮಾತು ಭಾವನಿಗೆ ಎಲ್ಲಕ್ಕಿಂತ ಚೆನ್ನಾಗಿ ನಾಟಿತು. ಆಮೇಲೆ ಅವರು ನಗಲಿಲ್ಲ, ಬೈಯಲಿಲ್ಲ. ಪೀಪಾಯಿಗೆ ಕಿವಿಯಿಟ್ಟು ಗುಂಡುಗಳ ಸದ್ದು ಕೇಳುತ್ತಾ ಕೂರುತ್ತಿದ್ದರು, ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಹಾಗೆ. ಒತ್ತಿದ ಹಸಿ ಬಿಲ್ಲೆಗಳನ್ನು ಕುಲುಮೆಗಿಡುವಾಗ ಒಲೆಯಕ್ಕನ ಕೈಗೂ ಕೊಡದೆ ತಾವೇ ಇಟ್ಟರು.

"ಈ ಮೋರೆ ನೋಡೋಕಾಗಲ್ಲ ಅಕ್ಕ," ಎಂದ ಯಮ. "ಒಂದು ನಿಮಿಷ ನಗಿಸ್ಬೇಕು."

ಯಂತ್ರದ ಬಿಡಿಭಾಗ ಕೊರೆಯಲೆಂದು ಅಂಗಡಿಯಿಂದ ತರಿಸಿದ್ದ ಅಲ್ಯೂಮಿನಿಯಂ ಮಿಶ್ರಲೋಹದ ಕಂಬಿಯೊಂದು ಮೂಲೆಯಲ್ಲಿತ್ತು. ವಿಮಾನಕ್ಕೆ ಹಾಕುವ ಜಾತಿ, ಗಟ್ಟಿ ಪಿಂಡ, ಪುಡಿಗೂ ಅದಕ್ಕೂ ಸಂಬಂಧವಿಲ್ಲ. ಯಮ ಅದರಿಂದ ತುಂಡು ಕೊಯ್ದು, ಲೇತಿನಲ್ಲಿ ಸಲಾಕೆ ಮಾಡಿ, ಹೊಳಪು ಹೋಗಲೆಂದು ಕರಿ ಪುಡಿಯಲ್ಲಿ ಚೆನ್ನಾಗಿ ಉಜ್ಜಿ, ಭಾವ ಹಾಕುವಂಥದೇ ಗುರುತನ್ನು ತುದಿಗೆ ಕುಟ್ಟಿದ. ನೋಡಿದರೆ ಅವಳಿ ಜವಳಿ.

"ಹಾಳಾದವನೇ," ಎಂದಳು ಒಲೆಯಕ್ಕ. "ಮುಖ ನೋಡಿದ ತಕ್ಷಣ ಕಂಡುಹಿಡೀತಾರೆ. ಪುಡೀದು ಮುರಿದ್ರೆ ಬೆಲ್ಲದ ಅಚ್ಚು ಮುರಿದ ಹಾಗೆ ಕಾಳುಕಾಳು. ಇದು ಎಳಕೊಂಡು, ಸೊಂಟ ಸಣ್ಣಗಾಗಿ, ನುಣ್ಣಗೆ ಮುರಿಯುತ್ತೆ. ಕುರುಡನಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ ಅಂತಾನೇ ಅಕ್ಕ! ಮುಳ್ಳು ಮೇಲೆ ಹೋಗುತ್ತೆ, ಭಾವ ಕುಣೀತಾರೆ, ಭೂತಗನ್ನಡಿ ಎತ್ತಾರೆ, 'ಲೋ ಯಮ, ನಿನ್ನ ತಿಥಿ ಮಾಡ್ತೀನಿ' ಅಂತ ಅಟ್ಟಿಸ್ಕೊಂಡು ಬರ್ತಾರೆ. ಆಮೇಲೆ ನಿಜದ್ದು ಎಳೆಯೋಣ."

ಭಾವನ ಸ್ವರದಲ್ಲೇ ಅದನ್ನು ಹೇಳಿದ. ನಾವು ನಕ್ಕೆವು.

ಸಲಾಕೆಗಳನ್ನು ಎಳೆಯುವ ಹೊತ್ತು ಬಂತು. ಯಮ ಮೊದಲಿಗೆ ಕಟ್ಟಿದ್ದು ತನ್ನದನ್ನು. ಮುಳ್ಳು ಹತ್ತತೊಡಗಿತು. ಸಾಮಾನ್ಯವಾಗಿ ಪಟ್ ಎನ್ನುವ ಜಾಗ ಬಂತು. ಭಾವ ಕಣ್ಣು ಮುಚ್ಚಿದರು. ಪಟ್ ಎನ್ನಲಿಲ್ಲ. ಕಣ್ಣು ಬಿಟ್ಟರು. ಮುಳ್ಳು ಅದನ್ನು ದಾಟಿತು, ಮಗ್ಗದವರು ಕೇಳಿದ್ದ ಗೆರೆಯನ್ನೂ ದಾಟಿತು.

"ಎಳೀತಿದೆ," ಎಂದರು ಭಾವ, ಪಿಸುಮಾತಿನಲ್ಲಿ. "ಲೋ, ಮುರೀತಿಲ್ಲ ಕಣೋ, ಎಳೀತಿದೆ!"

ಕೊನೆಗೆ ಠಣ್ಣೆಂದು ತುಂಡಾಯಿತು. ಭಾವನ ಕೈ ಕತ್ತಿನ ದಾರಕ್ಕೆ ಹೋಗುವುದನ್ನೇ ನಾವು ಬಾಯಿ ಬಿಗಿಹಿಡಿದು ಕಾಯುತ್ತಿದ್ದೆವು. ಕೈ ದಾರಕ್ಕೆ ಹೋಗಲಿಲ್ಲ, ಯಮನ ಕತ್ತಿಗೆ ಹೋಯಿತು. ಅವನನ್ನು ತಬ್ಬಿಕೊಂಡು, ಬಿಟ್ಟು, ಯಾವ ಹುತ್ತದಲ್ಲಿ ಯಾವ ಹಾವೋ ಎಂದು ಕೂಡ ನೋಡದೆ, ಭಾವ ಬಾಗಿಲ ಕಡೆಗೆ ಓಡಿದರು. ಆ ವಯಸ್ಸಿನಲ್ಲಿ, ಆ ನೋಯುವ ಮಂಡಿಯಲ್ಲಿ, ಓಡಿದರು.

"ಭಾವ! ಮುಖ! ಮುಖ ನೋಡಿ ಭಾವ!" ಯಮ ಕೂಗಿದ. ಪೀಪಾಯಿಯ ಗಡಗಡದಲ್ಲಿ ಅದು ಯಾರಿಗೆ ಕೇಳಬೇಕು?

ಅಷ್ಟು ವರ್ಷ ಅವರು ಮುಖ ನೋಡಿದ್ದು ಯಾಕೆ ಸೋತೆ ಎಂದು ತಿಳಿಯಲು. ಗೆದ್ದದ್ದಕ್ಕೂ ಒಂದು ಮುಖವಿರುತ್ತದೆಂದು ಅವರಿಗೆ ಹೊಳೆಯಲಿಲ್ಲ. ನಮಗಾದರೂ ಹೊಳೆದಿತ್ತೇ?

ಸಾಹೇಬರನ್ನು ಕೈಹಿಡಿದು ಎಳೆದುಕೊಂಡೇ ಬಂದರು. ಸಾಹೇಬರು ನಿಂತಿದ್ದ ಮುಳ್ಳು ನೋಡಿದರು, ಮತ್ತೆ ನೋಡಿದರು, ಮೂಗಿನಿಂದ ಕರವಸ್ತ್ರ ತೆಗೆದು ಎರಡೂ ತುಂಡುಗಳನ್ನು ಅದರಲ್ಲಿ ಸುತ್ತಿ ಜೇಬಿಗಿಳಿಸಿದರು. ಉಳಿದ ಸಲಾಕೆಗಳನ್ನೂ ತಮ್ಮ ಕಪಾಟಿಗೆ ಹಾಕಿ ಬೀಗ ಜಡಿದರು. "ಬರೋರಿಗೆ ತೋರಿಸ್ಬೇಕು. ಯಾರೂ ಮುಟ್ಟೋ ಹಾಗಿಲ್ಲ," ಎಂದರು. ಬಾಯಿ ತೆರೆದ ಯಮ ಬಾಯಿ ತೆರೆದೇ ನಿಂತ.

ಬದಲಿಸಿಟ್ಟಿದ್ದ ನಿಜವಾದ ಸಲಾಕೆ ಅವನ ಮೇಜಿನ ಡ್ರಾಯರಿನಲ್ಲಿತ್ತು. ಭಾವ ಮನೆಗೆ ಹೋದ ಮೇಲೆ ನಾವು ಮೂವರೂ ಸೇರಿ ಅದನ್ನು ಯಂತ್ರಕ್ಕೆ ಕಟ್ಟಿದೆವು. ಅದಾದರೂ ನಿಂತರೆ ಎಲ್ಲರ ಮಾನವೂ ನಿಲ್ಲುತ್ತಿತ್ತು. ಒಲೆಯಕ್ಕ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ಪಟ್. ಬಿಸ್ಕತ್ತು.

"ನಾಳೆ ಬೆಳಿಗ್ಗೆ ಬಂದ ತಕ್ಷಣ ಹೇಳ್ಬಿಡು," ಎಂದಳು ಒಲೆಯಕ್ಕ.

"ಹೇಳ್ತೀನಿ."

ಬೆಳಿಗ್ಗೆ ಭಾವ ಕೆಮ್ಮದೆ ಬಂದರು. ಯಮ ಅವರನ್ನು ಕುಲುಮೆಯ ಹಿಂದಕ್ಕೆ ಕರೆದ. "ಭಾವ, ನಿನ್ನೆ ಆ ಸಲಾಕೆ..."

"ಆ ಸಲಾಕೆ ಬಿಡು, ಇಲ್ಲಿ ಕೇಳು," ಎಂದು ಭಾವ ಅವನ ಹೆಗಲ ಮೇಲೆ ಕೈಹಾಕಿದರು. "ನಿನ್ನೆ ರಾತ್ರಿ ಊಟಕ್ಕಿಳಿದೆ. ನಮ್ಮವಳು ಏನು ಮಾಡಿದ್ಲು ಗೊತ್ತಾ? ದಿನಾ ತಮ್ಮನಿಗೆ ಬಡಿಸಿ ಆಮೇಲೆ ನನ್ನ ಕಡೆ ಸೌಟು ತಿರುಗಿಸ್ತಿದ್ಲು. ನಿನ್ನೆ ಮೊದಲು ನನಗೆ. ಹೊಟ್ಟೆ ತುಂಬಿದ್ರೂ ಎರಡು ಸಲ ಹಾಕಿಸ್ಕೊಂಡೆ ಕಣೋ." ಮುಖ ಒರೆಸಿಕೊಂಡರು. "ಏನೋ ಹೇಳ್ತಿದ್ಯಲ್ಲ?"

ಯಮ ಎಲ್ಲರ ದನಿಯಲ್ಲೂ ಮಾತಾಡಬಲ್ಲವನು. ಅವತ್ತು ಸ್ವಂತ ದನಿ ಸಿಗಲಿಲ್ಲ. "ಏನಿಲ್ಲ ಭಾವ, ಯಂತ್ರಕ್ಕೆ ಎಣ್ಣೆ ಬೇಕಿತ್ತು," ಎಂದ.

ಹಾಗೆ ನಾಳೆಗೆ ಬಿಟ್ಟದ್ದು ಮರುನಾಳೆಗೆ ಹೋಯಿತು. ಸಾಹೇಬರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಬಂತು, ಅದರೊಳಗೆ ಮಖಮಲ್ಲು, ಮಖಮಲ್ಲಿನ ಮೇಲೆ ಎರಡು ತುಂಡು, ಮುರಿದ ಮುಖಗಳು ಒಂದಕ್ಕೊಂದು ತಾಗಿ ಮುಚ್ಚಿಹೋಗುವಂತೆ. ಗಾಜಿನಾಚೆ ನಿಂತು ನೋಡಿದರೆ ಮುರಿದದ್ದೇ ತಿಳಿಯದು. ಭಾವ ಹೊಸ ಬೋರ್ಡಿಗೆಂದು ಬಾಗಿಲ ಅಗಲವನ್ನು ಗೇಣಿನಲ್ಲಿ ಅಳೆದದ್ದನ್ನು ನಾನೇ ಕಂಡೆ. ನನ್ನನ್ನು ಕಂಡು, ಜೇಡರಬಲೆ ತೆಗೆಯುವವರಂತೆ ನಟಿಸಿದರು.

ಮಗ್ಗದವರು ಬರುವ ದಿನ ಗೊತ್ತಾದಾಗ ಒಲೆಯಕ್ಕ ಯಮನ ಕಾಲರು ಹಿಡಿದಳು.

"ಆ ತೋಳಿನ ಮುಂದೆ ದಿನವಿಡೀ ಮನುಷ್ಯರು ಕೂತಿರ್ತಾರೆ, ಗೊತ್ತಾ? ಅದು ಪಟ್ ಅಂದ್ರೆ ಚೂರು ಹಾರೋದು ಅವರ ಕಣ್ಣಿಗೆ. ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಬಂದೋರ ಮುಂದೆ ಒಂದು ಸಲಾಕೆ ಎಳೆದು ತೋರಿಸ್ಲೇಬೇಕಲ್ಲ ಅಕ್ಕ. ಕಪಾಟಿನಲ್ಲಿರೋದು ನಿಜದ್ದು. ಅದೇ ಹೇಳುತ್ತೆ. ನಾವು ಯಾಕೆ ಬಾಯಿ ಬಿಡ್ಬೇಕು?"

"ನಿನ್ನ ಬಾಯಿ ಇರೋದು ಬೇರೆಯವರ ಮಾತಾಡೋಕೆ ಮಾತ್ರ," ಎಂದು ಕಾಲರು ಬಿಟ್ಟಳು. ಆದರೆ ಅವಳೂ ಹೇಳಲಿಲ್ಲ. ನಾನಂತೂ ಅಳತೆಯ ಮೇಜಿನವನು.

ಮಗ್ಗದ ಕಂಪನಿಯಿಂದ ಬಂದದ್ದು ನರೆಗೂದಲಿನ ಒಬ್ಬರು ಎಂಜಿನಿಯರಮ್ಮ, ಜೊತೆಗೆ ಇಬ್ಬರು ಗಂಡಸರು. ಸಾಹೇಬರು ಅವರನ್ನು ಯಂತ್ರದ ಹತ್ತಿರ ಬಿಡಲೇ ಇಲ್ಲ. "ಅಲ್ಲೆಲ್ಲ ಪುಡಿ, ಸೀನು ಬರುತ್ತೆ," ಎಂದು ನೇರ ತಮ್ಮ ಕೋಣೆಗೆ ಕರೆದೊಯ್ದರು. ಭಾವ, ಯಮ, ಒಲೆಯಕ್ಕ, ನಾನು, ನಾಲ್ವರೂ ಗೋಡೆಗೊರಗಿ ನಿಂತೆವು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಉಗುರಿನ ಸಂದಿನ ಕರಿ ಮಾತ್ರ ಹೋಗಿರಲಿಲ್ಲ.

"ಅಂದ್ರೆ, ನಾನು ಹೇಳೋದೇನಂದ್ರೆ," ಸಾಹೇಬರು ಶುರು ಮಾಡಿದರು, "ಇದು ಮೊದಲಿಂದ ನನ್ನ ಕನಸು. ಕಣ ಸಣ್ಣದಿರಬೇಕು ಅಂತ ನಾನು ಬಡ್ಕೊಳ್ತಾನೇ ಇದ್ದೆ. ಜರಡಿ ಬದಲಾಯಿಸಿ ಅಂದವನೂ ನಾನೇ. ಇವರು ನಮ್ಮ ಭಾವ. ಪಾಪ, ಒಳ್ಳೆಯವರು. ಬೆರೆಸೋದು, ಜರಡಿ ಹಿಡಿಯೋದು, ಅದೆಲ್ಲ ಇವರೇ ನೋಡ್ಕೊಳ್ತಾರೆ. ಆದ್ರೆ ಈ ಸಲಾಕೆ ಇದೆಯಲ್ಲ, ಇದು ಪೂರ್ತಿ ನಂದು."

ಭಾವ ನೆಲ ನೋಡಿದರು. ಕಿವಿ ಕೆಂಪಾಗಿತ್ತು. ಬೋರ್ಡು ಸಿಕ್ಕರೆ ಸಾಕು, ಕನಸು ಯಾರದಾದರೇನು ಎಂದುಕೊಂಡಿರಬೇಕು.

ಎಂಜಿನಿಯರಮ್ಮ ಕನ್ನಡಕ ಸರಿಪಡಿಸಿಕೊಂಡರು. "ಅಂಕಿ ಚೆನ್ನಾಗಿದೆ. ಮುರಿದ ಜಾಗ ನೋಡಿದ್ದೀರಾ?"

ಸಾಹೇಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮುರಿದ ಜಾಗ ಯಾಕಮ್ಮ? ಗಟ್ಟಿಯಿರೋದು ಮುಖ್ಯ."

"ಕರಿ ಕಣ ಹೇಗೆ ಚೆದುರಿದೆ ಅಂತ ಅಲ್ಲೇ ತಾನೇ ಕಾಣೋದು."

ಭಾವನ ತಲೆ ಮೇಲೆದ್ದಿತು. ತನ್ನ ಭಾಷೆ ಆಡುವವರೊಬ್ಬರು ಸಿಕ್ಕಿದರೆಂಬ ಸಂತೋಷ ಆ ಮುಖದಲ್ಲಿ ಹೊಳೆದದ್ದನ್ನು ನಾನು ಮರೆಯಲಾರೆ. "ನಾನು ತೋರಿಸ್ತೀನಿ ಬನ್ನಿ ಅಮ್ಮ," ಎಂದು ಮುಂದೆ ಬಂದು, ಗಾಜು ಸರಿಸಿ, ತುಂಡೊಂದನ್ನು ಎತ್ತಿ, ಭೂತಗನ್ನಡಿಯನ್ನು ಕಣ್ಣಿಗಿಟ್ಟರು.

ಯಮ ಮುಖ ಗೋಡೆಗೆ ತಿರುಗಿಸಿದ.

ಭಾವ ನೋಡಿದರು. ತುಂಡನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಕಾಳಿಲ್ಲ, ಕರಿಯಿಲ್ಲ. ಸಣ್ಣಗಾದ ಸೊಂಟ, ನುಣ್ಣನೆಯ ಬಟ್ಟಲು. ಇನ್ನೊಂದು ತುಂಡನ್ನೂ ಎತ್ತಿ ನೋಡಿದರು. ಭೂತಗನ್ನಡಿ ಮೆಲ್ಲಗೆ ಕೆಳಗಿಳಿಯಿತು. ಒಲೆಯಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಯಮನ ಬೆನ್ನನ್ನು ನೋಡಿದರು. ಎಲ್ಲ ತಿಳಿಯಿತು.

ಆ ತುಂಡನ್ನು ಹಾಗೇ ಮಖಮಲ್ಲಿನ ಮೇಲಿಟ್ಟು "ಬಹಳ ಚೆನ್ನಾಗಿ ಚೆದುರಿದೆ ಅಮ್ಮ" ಎಂದುಬಿಡಬಹುದಿತ್ತು. ಎಂಜಿನಿಯರಮ್ಮ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ಮಾತು ಮುಗಿಸಿ ಬೋರ್ಡು ಬರೆಸಲು ಹೇಳಬಹುದಿತ್ತು. ಭಾವನ ಬೆರಳು ಆ ನುಣ್ಣನೆಯ ಬಟ್ಟಲನ್ನು ಸವರುತ್ತಿತ್ತು. ಆಮೇಲೆ ತುಂಡನ್ನು ಎಂಜಿನಿಯರಮ್ಮನ ಅಂಗೈಯಲ್ಲಿಟ್ಟರು.

"ಸಾಹೇಬರು ಹೇಳಿದ್ದು ಸರಿ ಅಮ್ಮ. ಇದು ಪೂರ್ತಿ ಅವರದೇ. ಇದರಲ್ಲಿ ನಂದು ಒಂದು ಕಣವೂ ಇಲ್ಲ."

"ಅಂದರೆ?"

"ಇದು ಅಂಗಡಿ ಕಂಬಿ. ಪುಡೀದಲ್ಲ. ನನ್ನ ಹುಡುಗರು ನನ್ನನ್ನ ಆಟ ಆಡಿಸಿದಾರೆ. ನಂದು ಇನ್ನೂ ಪಟ್ ಅನ್ನುತ್ತೆ. ಮಗ್ಗಕ್ಕೆ ಹಾಕ್ಬೇಡಿ."

ಎಂಜಿನಿಯರಮ್ಮ ತುಂಡನ್ನು ತಿರುಗಿಸಿ ನೋಡಿ, ಒಮ್ಮೆ ತಲೆಯಾಡಿಸಿ, ಭಾವನ ಕಡೆ ನೋಡಿದರು. ಏನೋ ಹೇಳುವವರಿದ್ದರು. ಅಷ್ಟರಲ್ಲಿ ಸಾಹೇಬರು ನಕ್ಕುಬಿಟ್ಟರು. ಬೆವರಿನ ಜೊತೆಗೇ ಹೊರಬಂದ ನಗು.

"ಹ್ಹ ಹ್ಹ! ನೋಡಿದ್ರಾ ಅಮ್ಮ, ಎಂಥ ತಮಾಷೆ ಜನ ನಮ್ಮವರು! ಭಾವನ್ನ ಹೇಗೆ ಬೇಸ್ತು ಬೀಳಿಸಿದಾರೆ! ನನಗೆ ಮೊದಲೇ ಗೊತ್ತಿತ್ತು, ಎಲ್ಲಿವರೆಗೆ ಹೋಗುತ್ತೆ ನೋಡೋಣ ಅಂತ ಸುಮ್ಮನಿದ್ದೆ."

ಬಂದಿದ್ದ ಇಬ್ಬರು ಗಂಡಸರೂ, ನಗಬೇಕಾದ ಜಾಗ ಇದೇ ಇರಬೇಕೆಂದು, ನಕ್ಕರು. ಸಾಹೇಬರು ನಮ್ಮ ಕಡೆ ತಿರುಗಿದರು. ತುಟಿ ನಗುತ್ತಿತ್ತು, ಕಣ್ಣು ಲೆಕ್ಕ ಹಾಕುತ್ತಿತ್ತು. ನಾವೂ ನಕ್ಕೆವು. ಎಂಜಿನಿಯರಮ್ಮ ಮಾತ್ರ ನಗಲಿಲ್ಲ. ಚೀಲ ಎತ್ತಿಕೊಂಡು, ಭಾವನಿಗೊಂದು ನಮಸ್ಕಾರ ಮಾಡಿ, ಹೊರಟರು. ಗಂಡಸರು ನಗುವನ್ನು ಅರ್ಧಕ್ಕೇ ನಿಲ್ಲಿಸಿ ಹಿಂದೆ ನಡೆದರು.

ಬಾಗಿಲು ಮುಚ್ಚಿತು. ಸಾಹೇಬರ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತವರ ಹಾಗೆ. ಆ ನಗುವಿನಲ್ಲೇ, ಬೆಣ್ಣೆಯಂಥ ದನಿಯಲ್ಲಿ ಹೇಳಿದರು: "ನಾಳೆಯಿಂದ ಪ್ಯಾಕಿಂಗ್ ಕಡೆ ನೋಡ್ಕೊಳ್ಳಿ ಭಾವ. ಅಕ್ಕನಿಗೆ ನಾನೇ ಹೇಳ್ತೀನಿ."

"ಭಾವ, ತಪ್ಪಾಯ್ತು," ಎಂದ ಯಮ. ಅದು ಅವನದೇ ದನಿ. "ನೀವು ಮುಖ ನೋಡ್ತೀರಿ ಅಂದ್ಕೊಂಡಿದ್ವಿ ಭಾವ. ಯಾವಾಗ್ಲೂ ನೋಡ್ತಿದ್ರಲ್ಲ..."

ಭಾವ ಅವನನ್ನು ನೋಡಿದರು. ತುಟಿ ಅದುರಿತು. ಅಳುತ್ತಾರೆಂದುಕೊಂಡು ಒಲೆಯಕ್ಕ ಮುಂದೆ ಬಂದಳು.

"ಹೌದಲ್ಲೋ," ಎಂದರು ಭಾವ. "ನೋಡ್ತಿದ್ದೆ. ಅವತ್ತೊಂದು ದಿನ ನೋಡ್ಲಿಲ್ಲ. ನೋಡ್ಲೇ ಇಲ್ವಲ್ಲೋ!"

ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ಭಾವ ಮೇಜಿನ ಅಂಚು ಹಿಡಿದುಕೊಂಡು, ಕತ್ತಿನ ಭೂತಗನ್ನಡಿ ಎದೆಗೆ ಬಡಿಯುವಂತೆ ಬಗ್ಗಿ ಬಗ್ಗಿ ನಕ್ಕರು. ನಾವು ಯಾವಾಗಲೋ ನಗು ನಿಲ್ಲಿಸಿದ್ದೆವು; ಸಾಹೇಬರೂ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು, ಹೋದವರಿಗೆ ಕೇಳೀತೆಂದು. ಒಲೆಯಕ್ಕ ನೀರಿನ ಲೋಟ ಹಿಡಿದು ನಿಂತಿದ್ದಳು. ಭಾವ ಅದನ್ನು ತೆಗೆದುಕೊಂಡರು, ಬಾಯಿಗಿಡಲಾಗದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು, ಮತ್ತಷ್ಟು ಜೋರಾಗಿ ನಕ್ಕರು.